ಮಗುವನ್ನು ಕರೆದೊಯ್ದವರು ಅದರ ಮಾತಿಗೂ ಹೊಣೆ!

ಕನ್ನಡದ ಹುಡುಗ ಹುಡುಗಿಯರೇ, ಅಂಗಡಿಯ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ನೀವು ಬೀದಿಗಿಳಿಯುತ್ತೀರಿ. ಬ್ಯಾಂಕಿನ ಚಲನ್ನಿನಲ್ಲಿ ಕನ್ನಡ ಇಲ್ಲದಿದ್ದರೆ ಮ್ಯಾನೇಜರನ್ನು ತರಾಟೆಗೆ ತೆಗೆದುಕೊಳ್ಳುತ್ತೀರಿ. ಸರಿ, ಬಿಡಬೇಡಿ. ಆದರೆ ಹೆತ್ತವರಿಂದ ಬೇರೆಯಾಗಿ ಸರ್ಕಾರದ ಕೈ ಸೇರಿದ ಮಗುವಿನ ಮಾತನ್ನು ಯಾರು ಕೇಳಿಸಿಕೊಳ್ಳುತ್ತಾರೆ ಎಂದು ಎಂದಾದರೂ ವಿಚಾರಿಸಿದ್ದೀರಾ?

ಕುರುಗೋಡಿನ ಆರು ವರ್ಷದ ಹುಡುಗನೊಬ್ಬ ಬಳ್ಳಾರಿ ಸ್ಟೇಷನ್ನಿನ ಗದ್ದಲದಲ್ಲಿ ಅವ್ವನ ಕೈ ಬಿಟ್ಟು ರೈಲು ಹತ್ತಿದ ಎಂದಿಟ್ಟುಕೊಳ್ಳಿ. ಇಳಿದದ್ದು ಗುಂತಕಲ್ಲಿನಲ್ಲಿ. ದೂರವೇನಿಲ್ಲ, ಆದರೆ ಅದು ಆಂಧ್ರ. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗೆರೆ ಎಳೆದವರು ದೊಡ್ಡವರು. ಗೆರೆಯಾಚೆ ಸಿಕ್ಕಿಕೊಂಡವನು ತೆಲುಗು ಬಾರದ ಹುಡುಗ. ಅವರು ಕೇಳಿದ್ದು ಅವನಿಗೆ ತಿಳಿಯದು. ಅವನು ಅಳುತ್ತಾ ಹೇಳಿದ್ದು ಅವರಿಗೆ ತಿಳಿಯದು.

ಈಗ ಆ ಹುಡುಗನಿಗೆ ಹೊಣೆ ಯಾರು? ಕಾನೂನಿನಲ್ಲಿ ಉತ್ತರವಿದೆ. 2015ರ ಬಾಲನ್ಯಾಯ ಕಾಯಿದೆ 2016ರ ಜನವರಿ 15ರಿಂದ ಜಾರಿಯಲ್ಲಿದೆ. ಸಿಕ್ಕ ಮಗುವನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಅಧ್ಯಕ್ಷರು ಒಬ್ಬರು, ಸದಸ್ಯರು ನಾಲ್ವರು. ಮಗು ಎಲ್ಲಿರಬೇಕೆಂದು ತೀರ್ಮಾನಿಸುವವರು ಇವರೇ. ಹೊರಗಿನ ಮಗುವಾದರೆ ಅದರ ಊರಿನ ಸಮಿತಿಗೆ ಕಳಿಸಿಕೊಡಬೇಕೆಂದೂ ಕಾಯಿದೆ ಹೇಳುತ್ತದೆ. ಕಳಿಸಬೇಕಾದರೆ ಊರು ಗೊತ್ತಾಗಬೇಕು. ಊರು ಗೊತ್ತಾಗಬೇಕಾದರೆ ಮಾತು ಗೊತ್ತಾಗಬೇಕು!

ಅಪಾಯ ಇರುವುದು ಇಲ್ಲೇ. ಹೆತ್ತವರು ಪತ್ತೆಯೇ ಆಗದಿದ್ದರೆ, ಎರಡು ವರ್ಷ ದಾಟಿದ ಮಗುವನ್ನು ನಾಲ್ಕು ತಿಂಗಳಲ್ಲಿ, ಅದಕ್ಕಿಂತ ಚಿಕ್ಕದನ್ನು ಎರಡೇ ತಿಂಗಳಲ್ಲಿ ದತ್ತು ಕೊಡಲು ಮುಕ್ತವೆಂದು ಸಮಿತಿ ಘೋಷಿಸಬಹುದು. ದತ್ತು ಆದೇಶವಾದ ದಿನದಿಂದ ಹೆತ್ತ ಮನೆಯ ನಂಟು ಕಾನೂನಿನಲ್ಲಿ ಕಡಿದುಹೋಗುತ್ತದೆ. ಅನಾಥ ಮಗುವಿಗೆ ಬೇಗ ಮನೆ ಸಿಗಲಿ, ಗಡುವು ಬೇಕು. ಆದರೆ ತಾಯಿ ಬದುಕಿದ್ದೂ, ಮಗುವಿನ ಮಾತು ತಿಳಿಯುವ ಒಬ್ಬ ಮನುಷ್ಯ ಸಿಗದೆ ಆ ಗಡುವು ಮುಗಿದರೆ?

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರ ಡಿಸೆಂಬರ್ 11ರಂದು ಸೇರಿತು. ಮನೆಯಿಂದ ಬೇರೆಯಾದ ಮಗುವಿಗೆ ನೆಲೆ ಕೊಡುವಾಗ ಅದರ ಧರ್ಮ, ಸಂಸ್ಕೃತಿ, ಭಾಷೆಯ ಹಿನ್ನೆಲೆಗೆ ತಕ್ಕ ಗಮನ ಕೊಡಬೇಕು ಎನ್ನುತ್ತದೆ ಅದರ 20ನೇ ವಿಧಿ. 2021ರಲ್ಲಿ ಬರ್ಲಿನ್ನಿನಲ್ಲಿ ಗುಜರಾತಿ ದಂಪತಿಯ ಹಸುಗೂಸನ್ನು ಅಲ್ಲಿನ ಅಧಿಕಾರಿಗಳು ತಮ್ಮ ವಶಕ್ಕೆ ತೆಗೆದುಕೊಂಡರು. ಆ ಮಗು ತನ್ನ ಭಾಷೆ, ಸಂಸ್ಕೃತಿಯ ಪರಿಸರದಲ್ಲೇ ಬೆಳೆಯಬೇಕು ಎಂದು ನಮ್ಮ ವಿದೇಶಾಂಗ ಇಲಾಖೆ 2023ರಲ್ಲಿ ಬಹಿರಂಗವಾಗಿ ಹೇಳಿತು. ಭೇಷ್! ಬರ್ಲಿನ್ನಿಗೆ ಹೇಳಿದ ಬುದ್ಧಿ ಗುಂತಕಲ್ಲಿಗೆ ಬೇಡವೇ? ಬಳ್ಳಾರಿಗೆ ಬೇಡವೇ?

ಬಳ್ಳಾರಿಗೆ ಎಂದದ್ದು ಬಾಯಿ ತಪ್ಪಿ ಅಲ್ಲ. ಆದೋನಿಯ ತೆಲುಗು ಮಗು ನಮ್ಮ ಬಾಲಮಂದಿರಕ್ಕೆ ಬಂದರೆ ಅದರೊಡನೆ ತೆಲುಗಿನಲ್ಲಿ ಮಾತಾಡುವವರು ಬೇಕು. ಲಂಬಾಣಿ ತಾಂಡಾದ ಮಗುವಿಗೆ ಅದರ ಮಾತು ಬೇಕು. ನಮ್ಮ ಕೂಸಿಗೆ ಕೇಳುವ ನ್ಯಾಯವನ್ನು ಪರರ ಕೂಸಿಗೆ ಕೊಡದವನು ಎಂಥ ಕನ್ನಡಿಗ?

ಇನ್ನೊಂದು ಮಾತು. ಬಡತನ ಅಪರಾಧವಲ್ಲ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಎಂದು ಕಾಯಿದೆಯೇ ಹೇಳುತ್ತದೆ. ಸಿರುಗುಪ್ಪದ ಗದ್ದೆಯಲ್ಲಿ ಕೂಲಿ ಮಾಡುವ ಒಂಟಿ ಹೆಂಗಸಿನ ಮಗು ಮನೆಯಲ್ಲೇ ಉಳಿಯಲು ನೆರವಾಗಲೆಂದು ಪ್ರಾಯೋಜಕತ್ವ ಯೋಜನೆ ಇದೆ. ಮಿಷನ್ ವಾತ್ಸಲ್ಯದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಈ ಸುದ್ದಿ ಆಕೆಗೆ ಮುಟ್ಟಿಸುವವರು ಯಾರು? ಕೂಲಿ ಬಿಟ್ಟು, ಐವತ್ತು ಕಿಲೋಮೀಟರು ಬಸ್ಸಿನಲ್ಲಿ ಬಳ್ಳಾರಿಗೆ ಬಂದು, ಯಾವ ಬಾಗಿಲು ತಟ್ಟಬೇಕೆಂದು ತಿಳಿಯದೆ ನಿಂತವಳ ಜೊತೆಗೆ ಹೋಗುವವರು ಯಾರು?

ನೀವೇ ಹೋಗಬೇಕು ಗೆಳೆಯರೇ. ಸಮಿತಿಯ ಆದೇಶ ಆಕೆಗೆ ತಿಳಿಯುವ ಭಾಷೆಯಲ್ಲಿದೆಯೇ ಕೇಳಿ. 1963ರಿಂದಲೇ ಈ ರಾಜ್ಯಕ್ಕೆ ಆಡಳಿತ ಭಾಷಾ ಕಾಯಿದೆ ಇದೆ. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಹೆಂಗಸರಿಗೂ ಮಕ್ಕಳಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡಬೇಕು, ಆದಾಯ ಎಷ್ಟಿದ್ದರೂ ಸರಿ. ದಾರಿ ತಪ್ಪಿದ ಮಗು ಕಂಡರೆ 1098ಕ್ಕೆ ಫೋನ್ ಮಾಡಿ. ಅದರ ಫೋಟೋ ತೆಗೆದು ಮೊಬೈಲಿನಲ್ಲಿ ಹಂಚಬೇಡಿ. ಇಂಥ ಮಗುವಿನ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲಾಗಬಹುದು.

ಒಂದಿಂಚು ನೆಲವನ್ನೂ ಬಿಟ್ಟುಕೊಡೆವು ಎಂದು ಕೂಗುವ ನಾವು, ಆ ನೆಲದ ಮಕ್ಕಳನ್ನು ಬಿಟ್ಟುಕೊಡುವುದೇ?