ಸುಣ್ಣ ಬಿಟ್ಟ ಬಣ್ಣ

ನಮ್ಮ ಕಡೆ ಈಗಲೂ ಗೋಡೆ ಕಟ್ಟುವವರಿಗೆ 'ಗಾರೆ ಕೆಲಸದವರು' ಅಂತಲೇ ಹೆಸರು. ಅವರ ಬಾಂಡ್ಲಿಯಲ್ಲಿ ಗಾರೆ ಕಂಡು ಎಷ್ಟು ವರ್ಷವಾಯಿತೋ! ಇರೋದೆಲ್ಲ ಸಿಮೆಂಟು, ಎಂ-ಸ್ಯಾಂಡು. ಹಾಗೇ 'ಸುಣ್ಣ-ಬಣ್ಣ ಮಾಡಿಸ್ಬೇಕು' ಅಂತೀವಿ. ಸುಣ್ಣ ಯಾವಾಗಲೋ ಬಿಟ್ಟುಹೋಗಿದೆ. ಹೊಸ ಆರ್‌ಸಿಸಿ ಮನೆಗೆ ಇದರಿಂದ ನಷ್ಟವೇನಿಲ್ಲ. ನನ್ನ ತಕರಾರು ಇರೋದು, ಹಳೇ ಕಟ್ಟಡಕ್ಕೆ ಸಿಮೆಂಟು ಮೆತ್ತಿ, ಪ್ಲಾಸ್ಟಿಕ್ ಪೇಂಟ್ ಬಳಿದು, ಅದನ್ನ 'ರಿಪೇರಿ' ಅಂತ ಕರೆಯೋದರ ಬಗ್ಗೆ. ಅದಕ್ಕೆ ದುಡ್ಡು ಕಳಿಸೋರು, ಕಲರ್ ಆರಿಸೋರು ಯಾರು? ಬೆಂಗಳೂರಲ್ಲಿ ಕೂತ ನಾವು ನೀವೇ.

ನನ್ನ ಸೋದರಮಾವನ ವರ್ಕ್‌ಶಾಪನ್ನೇ ತಗೊಳ್ಳಿ. ತಾಲ್ಲೂಕು ಕೇಂದ್ರದ ಹಳೇ ಬೀದಿಯಲ್ಲಿದೆ. ಅವರ ತಂದೆಯ ಕಾಲದಲ್ಲಿ ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದ ಜಾಗ. ಈಗ ಒಂದು ಲೇತು, ವೆಲ್ಡಿಂಗ್ ಸೆಟ್ಟು, ಪಂಪ್‌ಸೆಟ್ಟು ರಿಪೇರಿ. ಇಟ್ಟಿಗೆ-ಗಾರೆಯ ದಪ್ಪ ಗೋಡೆ, ಮೇಲೆ ಮಂಗಳೂರು ಹೆಂಚು. ಬೀದಿ ಕಡೆ ಗೋಡೆ ಮೇಲೆ ಯಾರೋ ಪೇಂಟರ್ ಕೈಯಲ್ಲಿ ಬರೆದ ಕನ್ನಡ ಬೋರ್ಡು, ಅರ್ಧ ಮಾಸಿದೆ. ಕಸಿನ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲ ತೀರ್ಮಾನವಾಗಿದೆ: ಹೊರಗಡೆ ಪೂರ್ತಿ ಸಿಮೆಂಟ್ ಪ್ಲಾಸ್ಟರ್, ಪುಟ್ಟಿ, ಎರಡು ಕೋಟು ಎಕ್ಸ್‌ಟೀರಿಯರ್ ಎಮಲ್ಷನ್. ಬೂದು ಬೇಕೋ ಟೆರ್ರಾಕೋಟಾ ಬೇಕೋ ಅಂತ ಪೋಲ್ ಕೂಡ ಆಯ್ತು. ಗೋಡೆಗೆ ನೀರು ಎಲ್ಲಿಂದ ಬರ್ತಿದೆ ಅಂತ ಒಬ್ಬರೂ ಕೇಳಲಿಲ್ಲ.

ನೀರು ಬರೋದು ಮುಖ್ಯವಾಗಿ ರಸ್ತೆಯಿಂದ. ಹಳೇ ಟಾರು ಕೀಳದೆ ಅದರ ಮೇಲೇ ಟಾರು ಹಾಕಿ ಹಾಕಿ, ಒಂದು ಕಾಲದಲ್ಲಿ ಎರಡು ಮೆಟ್ಟಿಲು ಹತ್ತಿ ಹೋಗಬೇಕಿದ್ದ ವರ್ಕ್‌ಶಾಪಿಗೆ ಈಗ ಇಳಿದು ಹೋಗಬೇಕು. ನಿಮ್ಮೂರಿನ ಹಳೇ ಬೀದಿಯಲ್ಲೂ ಇದೇ ಕಥೆ ಇರುತ್ತೆ, ನೋಡಿ. ಮಳೆ ಬಂದರೆ ನೀರು ಗೋಡೆ ಬುಡದಲ್ಲಿ ನಿಲ್ಲುತ್ತೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಇಟ್ಟಿಗೆ ಅದನ್ನ ಮೇಲಕ್ಕೆ ಎಳ್ಕೊಳ್ಳುತ್ತೆ. ಸುಣ್ಣ ಹಚ್ಚಿದ ಗೋಡೆಯಾದರೆ ಬಿಸಿಲಿಗೆ ಆ ತೇವ ಹೊರಗೆ ಆರಿಹೋಗುತ್ತೆ. ಹಿಂದೊಮ್ಮೆ ಯಾರೋ ಕಂಟ್ರಾಕ್ಟರು ತೇವ ತಡೀತೀನಿ ಅಂತ ಬುಡದಿಂದ ಮೂರಡಿ ಸಿಮೆಂಟ್ ಮೆತ್ತಿದರು. ತೇವ ನಿಂತಿತಾ? ನಾಲ್ಕನೇ ಅಡಿಯಲ್ಲಿ ಹೊರಗೆ ಬಂತು. ಈಗ ಅಲ್ಲಿ ಗೋಡೆ ಉಪ್ಪು ಬಿಡ್ತಿದೆ, ಬೆರಳಲ್ಲಿ ಕೆರೆದರೆ ಇಟ್ಟಿಗೆ ಪುಡಿ ಉದುರುತ್ತೆ. ಇದಕ್ಕೆ ನಮ್ಮವರ ಪರಿಹಾರ ಏನು? ಸೂರಿನವರೆಗೂ ಸಿಮೆಂಟ್ ಮೆತ್ತಿಬಿಡೋದು!

ಗಾರೆ ಸಿಮೆಂಟಿನಷ್ಟು ಗಟ್ಟಿ ಅಲ್ಲ, ನಿಜ. ಅದೇ ಅದರ ಗುಣ. ಬಿಸಿಲು, ಚಳಿಗೆ ಗೋಡೆ ಕೂದಲೆಳೆಯಷ್ಟು ಮಿಸುಕಾಡುತ್ತೆ. ಗಾರೆ ಬಗ್ಗುತ್ತೆ, ಇಟ್ಟಿಗೆ ಉಳಿಯುತ್ತೆ. ಸಿಮೆಂಟು ಬಗ್ಗಲ್ಲ, ಹಳೇ ಮೆದು ಇಟ್ಟಿಗೆಯೇ ಒಡೆಯುತ್ತೆ. ಸುಣ್ಣದ ಕಲ್ಲು ಸುಟ್ಟಾಗ ಕಾರ್ಬನ್ ಡೈಆಕ್ಸೈಡ್ ಹೋಗುತ್ತೆ. ನೀರಲ್ಲಿ ಅರಳಿಸಿ ಗೋಡೆಗೆ ಹಚ್ಚಿದ ಮೇಲೆ ಗಾಳಿಯಿಂದ ಅದನ್ನೇ ವಾಪಸ್ ತಗೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತೆ. ಪಿಯುಸಿ ಕೆಮಿಸ್ಟ್ರಿ ಪರೀಕ್ಷೆಯಲ್ಲಿ ಈಕ್ವೇಷನ್ ಬರೆದು ಮಾರ್ಕ್ಸ್ ತಗೊಂಡವರೇ ನಾವೆಲ್ಲ. ಗೋಳಗುಮ್ಮಟದ ಆ ದೊಡ್ಡ ಗುಮ್ಮಟ ನಿಂತಿರೋದು ಇಟ್ಟಿಗೆ-ಗಾರೆಯಲ್ಲಿ, ಹದಿನೇಳನೇ ಶತಮಾನದಿಂದ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ.

ಇನ್ನು ಪೇಂಟು. ಅದು ಗೋಡೆಗೆ ಹಾಕೋ ರೇನ್‌ಕೋಟು ಇದ್ದ ಹಾಗೆ. ಒದ್ದೆ ಮೈಗೆ ರೇನ್‌ಕೋಟ್ ಹಾಕ್ಕೊಂಡು ಕೂತ್ರೆ ಏನಾಗುತ್ತೆ? ಎರಡು ಮಳೆಗಾಲದಲ್ಲಿ ಗುಳ್ಳೆ ಏಳುತ್ತೆ, ಹಪ್ಪಳದ ಥರ ಎದ್ದು ಬರುತ್ತೆ. ನಮಗೆ ಕೊಟೇಷನ್ ಕೊಟ್ಟವನು ಏಳು ವರ್ಷ ವಾರಂಟಿ ಅಂದ. ಆ ಕಾಗದದ ಸಣ್ಣ ಅಕ್ಷರ ಓದಿದೆ: ಗೋಡೆಯೊಳಗಿನ ತೇವಕ್ಕೆ ಅವರು ಜವಾಬ್ದಾರರಲ್ಲವಂತೆ.

ಮಾವನಿಗೆ ಮಾತ್ರ ಬಣ್ಣ ಬೇಕೇ ಬೇಕು. "ಅಕ್ಕಪಕ್ಕದೋರು ಗ್ಲಾಸು ಹಾಕ್ಕೊಂಡು ಥಳಥಳ ಅಂತವ್ರೆ, ನಮ್ದು ನೋಡುದ್ರೆ ಮುಚ್ಚೋದಂಗೆ ಕಾಣ್ತದೆ ಕಣೋ" ಅಂತಾರೆ. ಅವರ ಮಾತಿಗೆ ನನ್ನ ತಕರಾರಿಲ್ಲ. ಅದು ದುಡಿಯೋ ಜಾಗ, ಮ್ಯೂಸಿಯಂ ಅಲ್ಲ. ಬಾಗಿಲು ತೆಗೆದಿದೆ ಅಂತ ಗಿರಾಕಿಗೆ ಕಾಣಬೇಕು. ಸುಣ್ಣಕ್ಕೆ ಕಾವಿ ಬೆರೆಸಿದರೆ ಬಣ್ಣ ಬರಲ್ವಾ? ನನಗೆ ಸಿಟ್ಟು ಬರೋದು ಇನ್ನೊಬ್ಬ ಕಸಿನ್ ಮೇಲೆ. ಅವನಿಗೆ ಪ್ಲಾಸ್ಟರ್ ಎಲ್ಲ ಕಿತ್ತು ಇಟ್ಟಿಗೆ ಕಾಣೋ ಹಾಗೆ ಬಿಡಬೇಕಂತೆ, ಇಂದಿರಾನಗರದ ಕೆಫೆ ಥರ. ಆ ಇಟ್ಟಿಗೆ ಸುಟ್ಟವರು ಅದರ ಮೇಲೆ ಗಾರೆ ಬರುತ್ತೆ ಅಂತ ನಂಬಿ ಸುಟ್ಟಿದ್ದರು ಮಾರಾಯ. ಮಳೆಗೆ ಬೆತ್ತಲೆ ನಿಲ್ಲಿಸಿದರೆ ಅದು ಕರಗುತ್ತೆ.

'ಗಾರೆ ಗೊತ್ತಿರೋರು ಎಲ್ಲಿ ಸಿಗ್ತಾರೆ?' ಅನ್ನೋದು ಮುಂದಿನ ಪ್ರಶ್ನೆ. ಸಿಗ್ತಾರೆ, ಕಮ್ಮಿ. ನಮ್ಮ ಪಕ್ಕದ ಹಳ್ಳಿಯಲ್ಲೇ ಒಬ್ಬ ಮೇಸ್ತ್ರಿ ಇದ್ದಾರೆ, ಎಪ್ಪತ್ತು ದಾಟಿದೆ, ದೇವಸ್ಥಾನಗಳಿಗೆ ಗಾರೆ ಹಾಕಿದ ಕೈ. ಸುಣ್ಣಕ್ಕೆ ಇಟ್ಟಿಗೆ ಪುಡಿ ಎಷ್ಟು, ಬೆಲ್ಲದ ನೀರು, ಅಳಲೆಕಾಯಿ ಎಷ್ಟು, ಎಷ್ಟು ದಿನ ಕೊಳೆಯಬೇಕು, ಎಲ್ಲ ಬಾಯಲ್ಲಿದೆ. ಅವರ ಜೊತೆ ಒಬ್ಬ ಹುಡುಗನನ್ನೂ ಹಾಕಿ ಇಬ್ಬರಿಗೂ ಕೂಲಿ ಕೊಡೋಣ ಅಂದ್ರೆ, ಗ್ರೂಪಿನಲ್ಲಿ 'ರೇಟ್ ಜಾಸ್ತಿ ಆಯ್ತು' ಅಂತ ಗೊಣಗಾಟ. ಶನಿವಾರ-ಭಾನುವಾರ ಯಾವುದೋ ಫಾರ್ಮಿಗೆ ಹೋಗಿ, ಸಾವಿರಗಟ್ಟಲೆ ಫೀಸು ಕೊಟ್ಟು, ಮಣ್ಣಿನ ಗೋಡೆ ಕಟ್ಟೋದನ್ನ 'ವರ್ಕ್‌ಶಾಪ್'ನಲ್ಲಿ ಕಲಿತು ಫೋಟೋ ಹಾಕಿದವರೇ ಇವರು!

ಸುಣ್ಣ ಎರಡು-ಮೂರು ವರ್ಷಕ್ಕೊಮ್ಮೆ ಹೊಡೀಬೇಕು ಅಂತ ಇನ್ನೊಂದು ದೂರು. ಹೌದು, ಹೊಡೀಬೇಕು. ಅಜ್ಜಿ ಹಬ್ಬಕ್ಕೆ ಮುಂಚೆ ವರ್ಷ ವರ್ಷ ಹೊಡೆಸ್ತಿದ್ದಳು. ಒಂದ್ಸಲ ಡಿಪ್ಲಾಯ್ ಮಾಡಿ ಮರೆತುಬಿಡೋ ಸಿಸ್ಟಂ ಯಾವುದೂ ಇಲ್ಲ ಅಂತ ಮ್ಯಾನೇಜರ್‌ಗೆ ದಿನಾ ಹೇಳೋ ನಮಗೆ, ಗೋಡೆ ಮಾತ್ರ ಮೇಂಟೆನೆನ್ಸ್ ಇಲ್ಲದೆ ನಡೀಬೇಕು.

ಗ್ರೂಪಿನಲ್ಲಿ ನಾನು ಹಾಕಿರೋ ಲೆಕ್ಕ ಇಷ್ಟೇ. ಈ ಬೇಸಿಗೆ ಒಂದು ಡಬ್ಬಿ ಪೇಂಟೂ ಬೇಡ. ಮೊದಲು ಗೋಡೆ ಉದ್ದಕ್ಕೂ ಚರಂಡಿ ತೆಗೆಸೋಣ. ಒಡೆದ ಹೆಂಚು ಬದಲಿಸೋಣ. ಮಂಗಳೂರು ಹೆಂಚಿನ ಸುಖ ಅದು, ಒಂದು ಒಡೆದರೆ ಒಂದನ್ನೇ ಹಾಕಬಹುದು. ಸೂರಿನ ಹತ್ತಿರ ಎದ್ದಿರೋ ಅರಳಿ ಸಸಿಯನ್ನ ಬೇರು ಸಮೇತ ಕೀಳಬೇಕು, ಮೇಲಿಂದ ಕತ್ತರಿಸಿದ್ರೆ ಮತ್ತೆ ಚಿಗುರುತ್ತೆ. ಆ ಮೂರಡಿ ಸಿಮೆಂಟನ್ನ ಹುಷಾರಾಗಿ ಬಿಡಿಸಿ, ಗೋಡೆ ಆರೋಕೆ ಟೈಂ ಕೊಟ್ಟು, ಆಮೇಲೆ ಸಂದುಗಳಿಗೆ ಗಾರೆ. ಕಿಟಕಿ ಸರಳಿನ ತುಕ್ಕು ಉಜ್ಜಿ ರೆಡ್ ಆಕ್ಸೈಡ್. ಮಳೆಗಾಲ ಕಳೀಲಿ, ಎಲ್ಲಿ ಒದ್ದೆ ಆಗುತ್ತೆ ನೋಡೋಣ. ದೀಪಾವಳಿ ಹೊತ್ತಿಗೆ ಸುಣ್ಣ, ಮಜ್ಜಿಗೆಯಷ್ಟು ತೆಳ್ಳಗೆ, ಮೂರು-ನಾಲ್ಕು ಸಲ. ಬೋರ್ಡಿನ ಅಕ್ಷರದ ಮೇಲೆ ಯಾರೂ ಬ್ರಷ್ ಇಡೋ ಹಾಗಿಲ್ಲ. ಪೇಂಟಿಗೆ ಅಂತ ಕೂಡಿಸಿದ ದುಡ್ಡು ಇದಕ್ಕೆ ಸಾಲದಿದ್ದರೆ, ಕಲರ್ ಪೋಲ್‌ನಲ್ಲಿ ಓಟು ಹಾಕಿದವರೆಲ್ಲ ಇನ್ನೊಂದಿಷ್ಟು ಹಾಕಲಿ.