ಪ್ರಾಣಿ ಸಾಕುವ ಯೋಗ್ಯತೆ ಯಾರಿಗಿದೆ?

“ಅವರಿಗೆ ನಾಯಿಮರಿ ಕೊಡಬೇಡಿ, ಸಾಕುವುದು ಅವರಿಗೆ ತಿಳಿಯದು” ಎಂಬ ಮಾತು ಕಾಡಿನಂಚಿನ ನಮ್ಮ ಹಳ್ಳಿಗಳಲ್ಲಿ ಕೇಳಿಬರುವುದುಂಟು. ಹಾಡಿಯ ಜನರಿಗೆ ಹಸುಕರು ಕೊಡುವ ಪ್ರಸ್ತಾಪ ಬಂದಾಗಲೂ ಇದೇ ರಾಗ. ಇದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. ದೂರದ ಕೆನಡಾ ದೇಶದಲ್ಲಿ ಇಂಥ ಭಾವನೆ ಎಷ್ಟು ಅನ್ಯಾಯಕ್ಕೆ ದಾರಿ ಮಾಡಿತೆಂಬುದನ್ನು ರೈತಬಾಂಧವರು ಅರಿಯುವುದು ಒಳ್ಳೆಯದು.

ಕೆನಡಾದ ಉತ್ತರದ ಹಿಮದ ನಾಡಿನಲ್ಲಿ ಇನುಯಿಟ್ ಎಂಬ ಮೂಲನಿವಾಸಿಗಳಿದ್ದಾರೆ. ನಮಗೆ ಎತ್ತು ಹೇಗೋ ಅವರಿಗೆ ನಾಯಿ ಹಾಗೆ. ಅದು ಜಾರುಬಂಡಿ ಎಳೆಯುತ್ತಿತ್ತು. ಹಿಮದ ಹಾಸಿನಲ್ಲಿ ಸೀಲ್ ಪ್ರಾಣಿ ಉಸಿರಾಡುವ ಕಂಡಿಯನ್ನು ವಾಸನೆಯಿಂದ ಹುಡುಕುತ್ತಿತ್ತು. ಬಿಳಿ ಕರಡಿ ಬಂದರೆ ಎಚ್ಚರಿಸುತ್ತಿತ್ತು. 1950 ಮತ್ತು 60ರ ದಶಕಗಳಲ್ಲಿ ಈ ಜನ ಬೇಟೆಯ ಬೀಡುಗಳನ್ನು ಬಿಟ್ಟು ಸರಕಾರದ ನೆಲೆಗಳಿಗೆ ಬಂದು ಸೇರಬೇಕಾಯಿತು. ಅಲ್ಲಿ ನಾಯಿಗಳನ್ನು ಕಟ್ಟಿಹಾಕತಕ್ಕದ್ದೆಂದು ಕಾನೂನು. ಓಡಾಡಿ ಬೆಳೆಯುವ ಬಂಡಿನಾಯಿಯನ್ನು ಸದಾ ಕಟ್ಟಿದರೆ ಅದು ಕೆಡುತ್ತದೆಂದು ಸಾಕಿದವರಿಗೆ ಗೊತ್ತಿತ್ತು. ಅವರ ಮಾತನ್ನು ಯಾರೂ ಲೆಕ್ಕಿಸಲಿಲ್ಲ. ಪೋಲೀಸರೂ ಅಧಿಕಾರಿಗಳೂ ಬಿಟ್ಟ ನಾಯಿಗಳನ್ನು ಗುಂಡಿಟ್ಟು ಕೊಂದರು. ರೋಗದ ಭಯ, ಮಕ್ಕಳನ್ನು ಕಚ್ಚುವ ಭಯ ಇದ್ದುದು ನಿಜ. ಆದರೆ ನಾಯಿ ಹೋದೊಡನೆ ಬೇಟೆಯೂ ಹೋಯಿತು, ಹೊಟ್ಟೆಪಾಡೂ ಹೋಯಿತು.

ಈ ವಿಷಯದಲ್ಲಿ ಇನುಯಿಟ್ ಜನರೇ ನಿಯಮಿಸಿದ ಸತ್ಯಶೋಧನಾ ಆಯೋಗವು 2010ರಲ್ಲಿ ವರದಿ ಕೊಟ್ಟಿತು. ಕ್ವಿಬೆಕ್ ಪ್ರಾಂತದ ಸರಕಾರ 2011ರಲ್ಲಿ ತಪ್ಪೊಪ್ಪಿ 30 ಲಕ್ಷ ಡಾಲರು ಪರಿಹಾರ ಕೊಟ್ಟಿತು. ಕೆನಡಾದ ಕೇಂದ್ರ ಸರಕಾರ 2019ರಲ್ಲಿ ಒಂದು ಸೀಮೆಯವರ, 2024ರಲ್ಲಿ ಇನ್ನೊಂದು ಸೀಮೆಯವರ ಕ್ಷಮೆ ಬೇಡಿತು. ಅರ್ಧ ಶತಮಾನ ಕಳೆದ ಮೇಲೆ ಬಂದ ಕ್ಷಮೆ!

ಗುಂಡು ನಿಂತಿತು, ಭಾವನೆ ಪೂರ್ತಿ ಹೋಗಲಿಲ್ಲ. ಅನಾಥ ನಾಯಿಗಳನ್ನು ದತ್ತು ಕೊಡುವ ಸಂಸ್ಥೆಗಳು ಆ ದೇಶದಲ್ಲಿ ಬಹಳ. ಬೇಲಿ ಹಾಕಿದ ಅಂಗಳವಿದೆಯೆ, ಮನೆಯೊಡೆಯನ ಪತ್ರವಿದೆಯೆ ಎಂದು ಅವುಗಳಲ್ಲಿ ಅನೇಕವು ಕೇಳುತ್ತವೆ. ಮೂಲನಿವಾಸಿಗಳ ಮೀಸಲು ಭೂಮಿಯ ಹಕ್ಕಾದರೋ ಕಾನೂನಿನಂತೆ ಸರಕಾರದ ಹೆಸರಿನಲ್ಲಿದೆ. ಎಷ್ಟೋ ಮನೆಗಳು ಪಂಗಡದ ಆಡಳಿತಕ್ಕೆ ಸೇರಿದವು. ದೂರದ ನೆಲೆಗಳಲ್ಲಿ ಪಶುವೈದ್ಯರೇ ಇಲ್ಲ. ವೈದ್ಯರಿಲ್ಲದ್ದರಿಂದ ಮರಿಗಳು ಹೆಚ್ಚುತ್ತವೆ. ಹೆಚ್ಚಿದ ಮರಿಗಳನ್ನು ಪಟ್ಟಣಕ್ಕೆ ಒಯ್ಯುತ್ತಾರೆ. “ನೋಡಿ, ಇವರಿಗೆ ಸಾಕಲು ಬಾರದು” ಎಂಬ ಹೆಸರು ಮಾತ್ರ ಆ ಜನರಿಗೆ ಉಳಿಯುತ್ತದೆ. ಬಾವಿ ತೋಡಿಕೊಡದೆ ನೀರು ಸೇದಲು ಬಾರದವನೆಂದು ಬೈದಂತಾಯಿತು!

ಇನ್ನು ನಮ್ಮ ಕಡೆ ನೋಡೋಣ. ನೀಲಗಿರಿಯ ತೋಡರ ಎಮ್ಮೆ ಒಂದು ಪ್ರತ್ಯೇಕ ತಳಿ. ಅದನ್ನು ಶತಮಾನಗಳಿಂದ ಕಾಪಾಡಿಕೊಂಡು ಬಂದವರು ಆ ಗುಡ್ಡದ ಜನರೇ. ಅವರಿಗೆ ಹಾಲಿನ ಮನೆಯೇ ದೇವರ ಗುಡಿ. ಎಮ್ಮೆಗಳಿಗೆ ಹೆಸರಿಟ್ಟು ಕರೆಯುತ್ತಾರೆ. 1906ರಲ್ಲಿ ರಿವರ್ಸ್ ಎಂಬ ಆಂಗ್ಲ ವಿದ್ವಾಂಸರು ಈ ಪದ್ಧತಿಯನ್ನು ದೊಡ್ಡ ಗ್ರಂಥವನ್ನಾಗಿ ಬರೆದರು. ಈಗ ಆ ಎಮ್ಮೆಗಳು ವಿರಳವಾಗಿವೆ. ಸಾಕಲು ಬಾರದೆ ಹಾಗಾಯಿತೆ? ಹುಲ್ಲುಗಾವಲನ್ನು ಚಹಾ, ನೀಲಗಿರಿ ಮರ, ವಾಟಲ್ ಮರಗಳು ನುಂಗಿದುದು ದೊಡ್ಡ ಕಾರಣ.

ಹಾಗೆಂದು ಕೇಳಿದವರಿಗೆಲ್ಲ ಕಣ್ಣುಮುಚ್ಚಿ ಮರಿ ಕೊಡಿರೆಂದು ನಾವು ಹೇಳುವುದಿಲ್ಲ. ವಿಚಾರಿಸಬೇಕು. ನೆರಳಿದೆಯೆ, ಕೂಳುನೀರಿದೆಯೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸುವರೆ, ಇಷ್ಟು ಕೇಳಿದರೆ ಸಾಕು. ಆದರೆ ಗೌಡರ ಮನೆಗೂ ಹಾಡಿಯ ಗುಡಿಸಲಿಗೂ ಪ್ರಶ್ನೆ ಒಂದೇ ಇರಲಿ. ಹೆಂಚಿನ ಮನೆಯ ಅಂಗಳದಲ್ಲಿ ಮೊಳದುದ್ದದ ಸರಪಳಿಯಲ್ಲಿ ಬಿಸಿಲಿಗೆ ಬೇಯುವ ನಾಯಿಗಳೂ ಇವೆಯಲ್ಲವೆ?

ಚುಚ್ಚುಮದ್ದಿಗೆ ಪೇಟೆಗೆ ಹೋಗುವ ದಿನ ಹಾಡಿಯವರ ನಾಯಿಯನ್ನೂ ಜತೆಗೆ ಕರೆದೊಯ್ಯಿರಿ. ಪಶುವೈದ್ಯರು ಊರಿಗೆ ಬಂದರೆ ಹಾಡಿಗೂ ಹೇಳಿಕಳುಹಿಸಿರಿ. ಇದರಿಂದ ರೋಗವೂ ದೂರ, ಮನಸ್ತಾಪವೂ ದೂರ. ಗಡಿಯಾಚೆ ಉಳಿದ ನಮ್ಮನ್ನು ಅಳೆಯದೆ ತೀರ್ಪು ಹೇಳಿದರೆ ನಮಗೆ ನೋಯುತ್ತದೆ. ಆ ನೋವು ತಿಳಿದ ನಾವು ಇನ್ನೊಬ್ಬರಿಗೆ ಅದನ್ನೇ ಮಾಡುವುದು ಸಲ್ಲದು.