ಹಿಂದೆ ಕೂರುವವರನ್ನು ಕೇಳಿಯೇ ಸೀಟು ಆರಿಸಿ

ಪೆರ್ನಾಲ್ ಕಳೆದ ಮರುದಿನ ನಮ್ಮ ರಸ್ತೆಗಳನ್ನು ನೋಡಬೇಕು. ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ಮಡಿಕೇರಿಗೆ, ವಯನಾಡಿಗೆ, ಚಿಕ್ಕಮಗಳೂರಿಗೆ ಬೈಕುಗಳು ಹೊರಟಿರುತ್ತವೆ. ಗಲ್ಫಿನಿಂದ ರಜೆಗೆ ಬಂದ ಹುಡುಗರ ತಲೆಯಲ್ಲಿ ಲಡಾಖ್ ಕೂಡ ಇರುತ್ತದೆ. ತಿರುಗಾಟ ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಬೈಕಿನ ಸೀಟಿನ ಬಗ್ಗೆ. ಸೈಲೆನ್ಸರಿಗೆ, ಹೆಚ್ಚುವರಿ ಲೈಟಿಗೆ, ಸ್ಟಿಕ್ಕರಿಗೆ ನಮ್ಮ ಕೈಯಲ್ಲಿ ಹಣ ಇದೆ. ಇಡೀ ದಿನ ಮೈಭಾರ ಹೊರುವ ಸೀಟಿಗೆ ಇಲ್ಲ. ಅದರಲ್ಲೂ ಹಿಂದಿನ ಅರ್ಧಕ್ಕೆ, ಅಂದರೆ ಉಮ್ಮನೋ ಹೆಂಡತಿಯೋ ತಂಗಿಯೋ ಕೂರುವ ಜಾಗಕ್ಕೆ, ಹಣವೂ ಇಲ್ಲ, ಯೋಚನೆಯೂ ಇಲ್ಲ.

ಶೋರೂಮಿನಲ್ಲಿ ಏನು ನಡೆಯುತ್ತದೆ? ಹುಡುಗ ಮುಂದಿನ ಸೀಟಿನಲ್ಲಿ ಕೂರುತ್ತಾನೆ, ಎರಡೂ ಕಾಲು ನೆಲಕ್ಕೆ ಮುಟ್ಟುತ್ತವೆಯೇ ಎಂದು ನೋಡುತ್ತಾನೆ, ಸೀಟನ್ನು ಹೆಬ್ಬೆರಳಿನಿಂದ ಒತ್ತಿ 'ಮೆತ್ತಗಿದೆ' ಅನ್ನುತ್ತಾನೆ. ಪರೀಕ್ಷೆ ಮುಗಿಯಿತು. ಹಿಂದೆ ಕೂರಬೇಕಾದವಳು ಆ ಹೊತ್ತಿಗೆ ಮನೆಯಲ್ಲಿದ್ದಾಳೆ.

ಮೊದಲು ಈ 'ಮೆತ್ತಗೆ' ಅನ್ನುವ ಮೋಸವನ್ನು ನೋಡೋಣ. ನಾವು ಕೂತಾಗ ಭಾರದ ಬಹುಪಾಲು ಬೀಳುವುದು ಪೃಷ್ಠದ ಒಳಗಿರುವ ಎರಡು ಮೂಳೆಗಳ ಮೇಲೆ. ತೀರಾ ಮೆತ್ತಗಿನ ಸ್ಪಂಜ್ ಐದು ನಿಮಿಷ ಹಿತ ಕೊಡುತ್ತದೆ. ಆಮೇಲೆ ಭಾರಕ್ಕೆ ಪೂರ್ತಿ ಅಮುಕಿಹೋಗಿ ಮೂಳೆ ಕೆಳಗಿನ ತಟ್ಟೆಗೇ ಒತ್ತತೊಡಗುತ್ತದೆ. ರಸ್ತೆಯ ಪ್ರತಿ ಗುಂಡಿಯೂ ನೇರ ಬೆನ್ನಿಗೆ. ಸ್ವಲ್ಪ ಗಟ್ಟಿಯಾದ, ದಟ್ಟವಾದ ಫೋಮ್ ಮೊದಲು ಬಿಗಿ ಅನ್ನಿಸಿದರೂ ಭಾರವನ್ನು ಹಂಚುತ್ತದೆ. ಹಾಗಾಗಿ ದೂರದ ಓಡಾಟಕ್ಕೆ ಬೇಕಾದ್ದು ಮೆತ್ತಗಿನ ಸೀಟಲ್ಲ. ಕೂರುವ ಕಡೆ ಅಗಲವಾದ, ತೊಡೆ ಬರುವ ಕಡೆ ಸಪೂರವಾದ, ಮಟ್ಟಸವಾದ ಸೀಟು. ಟ್ಯಾಂಕಿನ ಕಡೆಗೆ ಇಳಿಜಾರಾಗಿದ್ದರೆ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಅದನ್ನು ತಡೆಯಲು ಕೈಗಳು ದುಡಿಯಬೇಕು, ಮಣಿಕಟ್ಟು ಮರಗಟ್ಟುತ್ತದೆ.

ಎತ್ತರದ ಮಾತೂ ಅಷ್ಟೇ. ಮೀಟಿಯೋರ್ 350ರ ಸೀಟು 765 ಮಿ.ಮೀ., ಹಿಮಾಲಯನ್ 450ರದ್ದು 825 ಮಿ.ಮೀ. ಕಾಲು ಮುಟ್ಟದವರು ತಮಗೆ ತಕ್ಕ ಬೈಕ್ ಕೊಳ್ಳುವ ಬದಲು ಕುಶನ್ ವರ್ಕ್ಸ್‌ಗೆ ಹೋಗಿ ಫೋಮ್ ಕೊಯ್ಯಿಸುತ್ತಾರೆ. ಫೋಮ್ ತೆಳ್ಳಗಾದಷ್ಟೂ ತಟ್ಟೆ ಹತ್ತಿರ, ಮೊಣಕಾಲಿನ ಮಡಿಕೆ ಹೆಚ್ಚು. ಸಿಗ್ನಲಿನಲ್ಲಿ ಅರ್ಧ ನಿಮಿಷದ ಧೈರ್ಯಕ್ಕೆ ಇಡೀ ದಿನದ ನೋವು ಕೊಂಡ ಹಾಗಾಯಿತು.

ಇಷ್ಟು ಮುಂದಿನವನ ಕಥೆ. ಹಿಂದಿನವಳದ್ದು ಇದಕ್ಕಿಂತ ಕಷ್ಟ. ಈಗಿನ ಫ್ಯಾಷನ್ನಿನ ಎರಡು ತುಂಡಿನ ಸೀಟಿನಲ್ಲಿ ಹಿಂದಿನ ತುಂಡು ಎತ್ತರ, ಅಗಲ ಕಡಿಮೆ, ಫೋಮ್ ತೆಳು. ಕಾಲಿಡುವ ಪೆಗ್ ಮೇಲಿದ್ದರೆ ಮೊಣಕಾಲು ಎದೆಯ ಕಡೆಗೆ ಮಡಚಿಕೊಳ್ಳುತ್ತದೆ. ಸಂಪಾಜೆ ಘಾಟಿಯಲ್ಲಿ ಪ್ರತಿ ಬ್ರೇಕಿಗೂ ಅವಳು ಮುಂದಕ್ಕೆ ಜಾರುತ್ತಾಳೆ, ಪ್ರತಿ ಸಲ ಮೈ ಹಿಂದಕ್ಕೆಳೆದು ಕೂರಬೇಕು. ಸವಾರನಿಗೆ ಹಿಡಿಯಲು ಹ್ಯಾಂಡಲ್ ಇದೆ, ಮುಂದಿನ ಗುಂಡಿ ಕಣ್ಣಿಗೆ ಕಾಣುತ್ತದೆ. ಅವಳಿಗೆ ಎರಡೂ ಇಲ್ಲ. ಕಾಸರಗೋಡಿನಿಂದ ಮಡಿಕೇರಿಗೆ ಸುಮಾರು 100 ಕಿ.ಮೀ. ಇಳಿದಾಗ ಅವಳು 'ಪರವಾಗಿಲ್ಲ' ಅನ್ನುತ್ತಾಳೆ. ನಮ್ಮ ಹೆಂಗಸರ 'ಪರವಾಗಿಲ್ಲ' ಎಂಬ ಮಾತಿನ ಮೇಲೆ ನಾವು ಎಷ್ಟೊಂದು ಸಂಸಾರ ನಡೆಸುತ್ತಿದ್ದೇವೆ ಎಂದು ಒಮ್ಮೆ ಲೆಕ್ಕ ಹಾಕಿ.

ನೋವಿನ ಮಾತು ಬಿಡಿ, ಜೀವದ ಮಾತಿಗೆ ಬರೋಣ. ಮೋಟಾರು ವಾಹನ ಕಾಯ್ದೆ 1988ರ 128ನೇ ಸೆಕ್ಷನ್ ಪ್ರಕಾರ ಹಿಂದೆ ಕೂರುವವರಿಗೆ ಗಟ್ಟಿಯಾಗಿ ಕೂಡಿಸಿದ ಸರಿಯಾದ ಸೀಟು ಇರಲೇಬೇಕು. 1989ರ ಕೇಂದ್ರ ನಿಯಮಗಳಲ್ಲಿ 123ನೆಯದು ಇನ್ನೂ ಸ್ಪಷ್ಟವಾಗಿದೆ: ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಜಾಗ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ. ನಮ್ಮ ಹುಡುಗರು ಬೈಕ್ ಮನೆಗೆ ತಂದ ವಾರದಲ್ಲೇ ಬಿಚ್ಚುವುದು ಯಾವುದನ್ನು? ಇದೇ ಸ್ಯಾರಿ ಗಾರ್ಡನ್ನು, ಇದೇ ಹಿಂದಿನ ಹಿಡಿಯನ್ನು. 'ಲುಕ್ ಹಾಳಾಗುತ್ತದೆ' ಅಂತೆ. ಬುರ್ಖಾದ ಅಂಚು, ದುಪಟ್ಟಾದ ತುದಿ ಚೈನಿಗೋ ಚಕ್ರಕ್ಕೋ ಸಿಕ್ಕಿದರೆ ಏನಾಗುತ್ತದೆ ಎಂದು ಕರಾವಳಿಯ ಯಾವ ಮನೆಯವರಿಗೂ ವಿವರಿಸಬೇಕಾಗಿಲ್ಲ. ಆ ಲೋಹದ ತುಂಡನ್ನು ಬಿಚ್ಚಿದವನು ಬೈಕನ್ನು ಚಂದ ಮಾಡಿದ್ದಲ್ಲ, ಹಿಂದೆ ಕೂತವಳ ರಕ್ಷಣೆಯನ್ನು ಕಿತ್ತುಹಾಕಿದ್ದು.

ಒಂದು ಬದಿಗೆ ಕಾಲು ಹಾಕಿ ಕೂರುವ ಅಭ್ಯಾಸವನ್ನೂ ಇಲ್ಲಿಯೇ ಹೇಳಬೇಕು. ಪೇಟೆಗೆ ಹೋಗಿ ಬರುವಾಗಲೇ ಅದು ಅಪಾಯ, ಘಾಟಿಯ ರಸ್ತೆಗಂತೂ ಖಂಡಿತ ಬೇಡ. ಬೆನ್ನು ತಿರುಚಿರುತ್ತದೆ, ಭಾರ ಒಂದೇ ಕಡೆ, ತಿರುವಿನಲ್ಲಿ ಬೈಕಿನ ಜೊತೆ ಮೈ ಬಾಗುವುದಿಲ್ಲ. ಎರಡೂ ಬದಿ ಕಾಲು ಹಾಕಿ ಕೂರುವುದರಲ್ಲಿ ಮರ್ಯಾದೆಗೆ ಕಮ್ಮಿ ಏನೂ ಇಲ್ಲ. ಅದಕ್ಕೆ ತಕ್ಕ ಬಟ್ಟೆ ನಮ್ಮ ಹೆಣ್ಣುಮಕ್ಕಳಿಗೇ ಗೊತ್ತು. ಹಾಗೆ ಕೂರಲು ಬೇಕಾದ ಸೀಟು ಮತ್ತು ಹೆಲ್ಮೆಟ್ ಕೊಡುವುದು ನಮ್ಮ ಕೆಲಸ.

'ಹೆಂಗಸರಿಗೆ ಕಾರು ಇದೆಯಲ್ಲ' ಅನ್ನುವವರಿದ್ದಾರೆ. ಕಾರು ಎಷ್ಟು ಮನೆಗಳಲ್ಲಿದೆ? ಮಂಗಳೂರಿನ ಆಸ್ಪತ್ರೆಗೆ, ನೆಂಟರ ಮದುವೆಗೆ, ತವರಿಗೆ ಹೋಗುವುದು ಇದೇ ಬೈಕಿನಲ್ಲಿ. 'ನೋವು ಸಹಿಸದವನು ಎಂಥ ರೈಡರ್' ಅನ್ನುವವರೂ ಇದ್ದಾರೆ. ಅಮೆರಿಕದ ಐರನ್ ಬಟ್ ಅಸೋಸಿಯೇಶನ್ 24 ಗಂಟೆಯಲ್ಲಿ 1,000 ಮೈಲಿ, ಅಂದರೆ ಸುಮಾರು 1,600 ಕಿ.ಮೀ. ಓಡಿಸಿದವರಿಗೆ ಸರ್ಟಿಫಿಕೇಟ್ ಕೊಡುತ್ತದೆ. ಅಂಥ ಸವಾರರಲ್ಲೇ ಎಷ್ಟೋ ಮಂದಿ ತಮ್ಮ ಮೈಯಳತೆಗೆ ಸೀಟು ಮಾಡಿಸುತ್ತಾರೆ, ಟ್ಯಾಕ್ಸಿಯವರ ಹಾಗೆ ಮಣಿಯ ಹೊದಿಕೆ ಹಾಸುತ್ತಾರೆ, ಗಾಳಿಯಾಡಲಿ ಎಂದು. ದೂರ ಓಡಿಸುವವನಿಗೆ ಸೀಟಿನ ಬೆಲೆ ಗೊತ್ತು. ಹಲ್ಲು ಕಚ್ಚಿ ಕೂರುವುದು ದೊಡ್ಡಸ್ತಿಕೆಯಲ್ಲ. ಮೈ ಮರಗಟ್ಟಿದವನ ಗಮನ ರಸ್ತೆಯ ಮೇಲಿರುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಬೈಕ್ ಕೊಳ್ಳುವ ಮೊದಲು ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ. ಅದೇ ಬೈಕ್ ಇರುವ ಗೆಳೆಯನಿಂದ ಕೇಳಿ ಪಡೆದು ಇಬ್ಬರೂ ಕನಿಷ್ಠ ಒಂದು ಗಂಟೆ ಓಡಾಡಿ. ಐದು ನಿಮಿಷದಲ್ಲಿ ಎಲ್ಲ ಸೀಟೂ ಒಳ್ಳೆಯದೇ. ಈಗಿರುವ ಸೀಟು ಬದಲಾಯಿಸುವುದಾದರೆ ಕುಶನ್ ವರ್ಕ್ಸ್‌ನವರಿಗೆ 'ಮೆತ್ತಗೆ ಮಾಡಿ' ಎನ್ನಬೇಡಿ. 'ದಟ್ಟ ಫೋಮ್ ಹಾಕಿ, ಹಿಂದಿನದ್ದನ್ನೂ ಅಗಲ ಮಾಡಿ, ಕೂರುವ ಜಾಗದಲ್ಲಿ ಹೊಲಿಗೆ ಬೇಡ' ಎನ್ನಿ. ನಮ್ಮ ಮಳೆಗೆ ಹೊಲಿಗೆಯ ತೂತಿನಲ್ಲಿ ನೀರಿಳಿದರೆ ಫೋಮ್ ದಿನಗಟ್ಟಲೆ ಒದ್ದೆ. ನಮ್ಮ ಸೆಕೆಗೆ ಜಾರುವ ರೆಕ್ಸಿನ್ ಕೂಡ ಬೇಡ. ಹಿಡಿ ಮತ್ತು ಸ್ಯಾರಿ ಗಾರ್ಡ್ ಬಿಚ್ಚಿಟ್ಟಿದ್ದರೆ ಇವತ್ತೇ ಹಾಕಿಸಿ. ದಾರಿಯಲ್ಲಿ ಗಂಟೆಗೊಮ್ಮೆ ಇಳಿಯಿರಿ. ಎಷ್ಟು ಒಳ್ಳೆಯ ಸೀಟಾದರೂ ಮೈಗೆ ಅಲುಗಾಟ ಬೇಕು.

ಹಣ ಸಾಲದಿದ್ದರೆ ಸೈಲೆನ್ಸರ್ ಬಿಡಿ, ಸೀಟು ಮಾಡಿಸಿ. ಸೈಲೆನ್ಸರ್ ಊರಿಗೆಲ್ಲ ಕೇಳಿಸುತ್ತದೆ. ಸೀಟಿನ ಸುಖ ಗೊತ್ತಾಗುವುದು ಬೆನ್ನ ಹಿಂದೆ ಕೂತವರಿಗೆ ಮಾತ್ರ, ಮುಂದಿನ ಸಲ 'ನಾನೂ ಬರ್ತೇನೆ' ಅನ್ನಬೇಕಾದವರೂ ಅವರೇ.